ಬೆಂಗಳೂರಲ್ಲಿ 47 ಡಿಗ್ರಿ! ಸೆನ್ಸರ್ ಕೆಟ್ಟಿದೆಯಾ?

ಹೊಂಗೆನೆರಳು:
ನಮಸ್ಕಾರ. ಹೋದ ಮಳೆಗಾಲದಲ್ಲಿ ನಮ್ಮ ರಸ್ತೆಯವರೆಲ್ಲ ಸೇರಿ ಹೊಂಗೆ ಸಸಿ ನೆಟ್ಟೆವು. ಮರದಿಂದ ನಿಜಕ್ಕೂ ಎಷ್ಟು ತಂಪು ಅಂತ ಅಳೆಯೋಣ ಅಂದುಕೊಂಡು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಬಿಸಿ ಅಳೆಯುವ ಎರಡು ಡಿಎಚ್‌ಟಿ22 ಸೆನ್ಸರ್, ಅವುಗಳ ಅಂಕಿ ಓದುವ ಎರಡು ಇಎಸ್‌ಪಿ32 ಬೋರ್ಡ್ ತಂದೆ. ಒಂದು ನಮ್ಮ ಗೇಟಿಗೆ. ಇನ್ನೊಂದು ಹಿಂದಿನ ರಸ್ತೆಯ ಹಳೇ ಮಳೆಮರದ ಕೆಳಗೆ, ಸ್ನೇಹಿತರ ಕಾಂಪೌಂಡಿಗೆ. ಎರಡಕ್ಕೂ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ನಾಲ್ಕು ತೂತು. ಮಧ್ಯಾಹ್ನ ಎರಡಕ್ಕೆ ನಮ್ಮದು 47, ಅವರದು 34. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಡ, ‘ಮರದಿಂದ 13 ಡಿಗ್ರಿ ಕಮ್ಮಿ’ ಅಂತ ಎಲ್ಲರೂ ಕುಣಿದಾಡಿಬಿಟ್ಟರು. ನನಗೇ ನಂಬಿಕೆ ಬರ್ತಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಆಗಿದ್ದಕ್ಕೇ ದಾಖಲೆ ಅಂದಿದ್ದರಲ್ವಾ?

ಬೆಸುಗೆಕಡ್ಡಿ:
ಸೆನ್ಸರ್ ಚೆನ್ನಾಗಿದೆ ಸಾರ್. ನೀವು ಅಳೀತಿರೋದು ಡಬ್ಬಿಯ ಬಿಸಿ, ಗಾಳಿಯದ್ದಲ್ಲ. ಹವಾಮಾನ ಇಲಾಖೆಯವರು ಸಂದುಸಂದಿರುವ ಬಿಳಿ ಪೆಟ್ಟಿಗೆಯಲ್ಲಿ ಥರ್ಮಾಮೀಟರ್ ಇಡುವುದು ಇದಕ್ಕೇ. ಹೂಕುಂಡದ ಕೆಳಗಿಡುವ ಬಿಳಿ ತಟ್ಟೆ ಆರು ತನ್ನಿ. ಬೋರಲು ಮಾಡಿ, ನಡುವೆ ಒಂದು ಬೆರಳು ಸಂದು ಬಿಟ್ಟು, ಉದ್ದ ಬೋಲ್ಟಿಗೆ ಪೋಣಿಸಿ. ಮೇಲಿನ ತಟ್ಟೆ ಹಾಗೇ ಇರಲಿ, ಉಳಿದವಕ್ಕೆ ನಡುವೆ ತೂತು ಕೊರೆದು ಸೆನ್ಸರ್ ಇಳಿಬಿಡಿ. ಬೋರ್ಡ್ ಮಾತ್ರ ಒಳಗಿಡಬೇಡಿ, ಅದೂ ಕಾಯುತ್ತೆ. ನೆಲದಿಂದ ಒಂದೂವರೆ ಮೀಟರ್ ಎತ್ತರ, ಗೋಡೆಯಿಂದ ದೂರ.

ಸಂಪಿಗೆ_ಮೈಸೂರು:
ಅದಕ್ಕೂ ಮೊದಲು ಎರಡನ್ನೂ ಎರಡು ದಿನ ಒಂದೇ ಕಡೆ ಇಡಿ. ಡಿಎಚ್‌ಟಿ22 ಅರ್ಧ ಡಿಗ್ರಿ ಆಚೀಚೆ ಹೇಳುತ್ತೆ, ಹಾಗಾಗಿ ಎರಡರ ನಡುವೆ ಒಂದು ಡಿಗ್ರಿ ಸುಮ್ನೆ ಬರಬಹುದು. ಇನ್ನೊಂದು ಮಾತು. ಮರದ ಕೆಳಗಿನ ಗಾಳಿ ನಾವಂದುಕೊಂಡಷ್ಟು ತಣ್ಣಗಿರಲ್ಲ. ಬಿಸಿಲು ಮೈಗೆ ಬೀಳಲ್ಲ, ಕಾಂಕ್ರೀಟು ಕಾಯಲ್ಲ, ಹಾಯೆನಿಸೋದು ಅದಕ್ಕೆ. ಅದನ್ನು ಹಿಡಿಯಬೇಕಾದರೆ ಟೇಬಲ್ ಟೆನ್ನಿಸ್ ಚೆಂಡಿಗೆ ಕಪ್ಪು ಬಳಿದು, ಒಳಗೆ ಡಿಎಸ್18ಬಿ20 ಅನ್ನೋ ಬಿಸಿ ಅಳೆಯುವ ಸಣ್ಣ ಸೆನ್ಸರ್ ತೂರಿಸಿ.

ಹೊಂಗೆನೆರಳು:
ಮಾಡಿದೆ! ಒಂದೇ ಕಡೆ ಇಟ್ಟಾಗ ನಮ್ಮದು 0.4 ಜಾಸ್ತಿ ತೋರಿಸ್ತು. ಅದನ್ನು ಕಳೆದು, ತಟ್ಟೆಗೂಡಿನಲ್ಲಿಟ್ಟರೆ ನಮ್ಮದು 34.3, ಮಳೆಮರದ್ದು 33.0. ಗುಂಪಿನಲ್ಲಿ ಈಗ ‘ನಿಮ್ಮ ಮಷೀನೇ ಸರಿಯಿಲ್ಲ’ ಅಂತಾರೆ. ಚೆಂಡಿನ ಸೆನ್ಸರ್ ಮೊದಲು -127 ಅಂತ ತಪ್ಪು ಅಂಕಿ ತೋರಿಸ್ತು, ಅದರ ತಂತಿಗೆ 4.7ಕೆ ರೆಸಿಸ್ಟರ್ ಹಾಕೋದೇ ಮರೆತಿದ್ದೆ. ಈಗ ಬಿಸಿಲಲ್ಲಿ 46, ಮರದ ಕೆಳಗೆ 35. ಗುಂಪಿಗೆ ಇದನ್ನು ಹಾಕಲೋ ಬೇಡವೋ ಯೋಚಿಸ್ತಿದ್ದೀನಿ. ನಮ್ಮ ಸಸಿಗಳು ಇನ್ನೂ ಸೊಂಟದೆತ್ತರ.