ದಾಲ್ ಮಿಲ್ಲಿನಲ್ಲಿ ಸುರಕ್ಷತಾ ನಿರ್ವಹಣಾ ವ್ಯವಸ್ಥೆ: ಪ್ರಶ್ನೋತ್ತರ

ಪ್ರಶ್ನೆ: ದಾಲ್ ಮಿಲ್ ಮಾಲೀಕರು, ಕಪನೂರು ಕೈಗಾರಿಕಾ ಪ್ರದೇಶ, ಕಲಬುರಗಿ

ನಮ್ಮದು ತೊಗರಿ ಬೇಳೆಯ ಮಿಲ್. ಹಂಗಾಮಿನಲ್ಲಿ ಹಮಾಲರೂ ಸೇರಿ ಸುಮಾರು 40 ಜನ ದುಡಿಯುತ್ತಾರೆ. ಬೇಳೆಯನ್ನು ಪೊಟ್ಟಣ ಕಟ್ಟಿ ಮಾರುವ ಹೊರರಾಜ್ಯದ ಖರೀದಿದಾರರೊಬ್ಬರು, ಮುಂದಿನ ವರ್ಷದಿಂದ ಕೆಲಸದ ಸ್ಥಳದ ಸುರಕ್ಷತೆಗೆ ಸಂಬಂಧಿಸಿದ ಐಎಸ್‌ಒ 45001 ಪ್ರಮಾಣಪತ್ರ ಇರುವವರಿಂದ ಮಾತ್ರ ಮಾಲು ಕೊಳ್ಳುವುದಾಗಿ ತಿಳಿಸಿದ್ದಾರೆ. ಸಲಹೆಗಾರರೊಬ್ಬರು ಇಪ್ಪತ್ತು ದಿನಗಳಲ್ಲಿ ಎಲ್ಲ ಕಡತಗಳನ್ನೂ ಸಿದ್ಧಪಡಿಸಿಕೊಡುತ್ತೇನೆ, ನೀವು ಸಹಿ ಹಾಕಿದರೆ ಸಾಕು ಎನ್ನುತ್ತಿದ್ದಾರೆ. ಇಷ್ಟು ಸಣ್ಣ ಮಿಲ್ಲಿಗೆ ನಿರ್ವಹಣಾ ವ್ಯವಸ್ಥೆ ಎಂದರೆ ನಿಜವಾಗಿ ಏನು?

ಉತ್ತರ

ಇಪ್ಪತ್ತು ದಿನಗಳಲ್ಲಿ ಸಿದ್ಧವಾಗುವ ಕಡತದಲ್ಲಿ ನಿಮ್ಮ ಮಿಲ್ಲಿನ ಹೆಸರು ಇರುತ್ತದೆ, ನಿಮ್ಮ ಮಿಲ್ಲು ಇರುವುದಿಲ್ಲ. ಅದಕ್ಕೆ ಸಹಿ ಹಾಕುವ ಮೊದಲು ಈ ಮಾನದಂಡ ಏನು ಕೇಳುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಐಎಸ್‌ಒ 45001 ಪ್ರಕಟವಾದದ್ದು 2018ರ ಮಾರ್ಚ್‌ನಲ್ಲಿ; ಅದಕ್ಕೂ ಮೊದಲು ಬಳಕೆಯಲ್ಲಿದ್ದ ಓಎಚ್‌ಎಸ್‌ಎಎಸ್ 18001ರ ಜಾಗಕ್ಕೆ ಅದು ಬಂತು. ಯಂತ್ರದ ಕವಚ ಎಷ್ಟು ದಪ್ಪವಿರಬೇಕು, ಗಾಳಿಯಲ್ಲಿ ಧೂಳು ಎಷ್ಟಿರಬಹುದು ಎಂಬುದನ್ನು ಈ ಮಾನದಂಡ ಹೇಳುವುದಿಲ್ಲ. ಅದು ಕಾನೂನು ಮತ್ತು ತಾಂತ್ರಿಕ ನಿಯಮಗಳ ಕೆಲಸ. ನಿಮ್ಮಲ್ಲಿ ಅಪಾಯ ಎಲ್ಲಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಯಾರು ತೀರ್ಮಾನ ಕೈಗೊಳ್ಳುತ್ತಾರೆ, ತೀರ್ಮಾನಿಸಿದ್ದು ನಡೆಯಿತೇ ಎಂದು ಯಾರು ನೋಡುತ್ತಾರೆ ಎಂದಷ್ಟೇ ಅದು ಕೇಳುತ್ತದೆ. ಅಪಾಯವನ್ನು ಕಣ್ಣಾರೆ ಕಾಣುವ ಕಾರ್ಮಿಕನಿಂದ ಹಣ ಖರ್ಚು ಮಾಡುವ ಅಧಿಕಾರವಿರುವ ಮಾಲೀಕನವರೆಗೆ ಮಾತು ತಲುಪುವ ದಾರಿ, ಮತ್ತು ಆ ಮಾತಿಗೆ ಉತ್ತರ ಮರಳಿ ಬರುವ ದಾರಿ, ಇವೆರಡೂ ತೆರೆದಿದ್ದರೆ ವ್ಯವಸ್ಥೆ ಇದೆ ಎಂದು ನಾನು ಎಣಿಸುತ್ತೇನೆ. ಮೇಲಧಿಕಾರವೇ ಹೊಣೆ ಹೊರಬೇಕೆಂದು ಐದನೆಯ ಅಧ್ಯಾಯ ಹೇಳುವುದೂ, ಅದೇ ಅಧ್ಯಾಯದ 5.4ನೆಯ ಭಾಗ ಕಾರ್ಮಿಕರ ಸಮಾಲೋಚನೆಗೆ ಮೀಸಲಾಗಿರುವುದೂ ಈ ಕಾರಣಕ್ಕೇ.

ಒಂದು ಉದಾಹರಣೆ ನೋಡೋಣ. ಕಾಳು ಸುರಿಯುವ ಗುಂಡಿಯಿಂದ ಕಾಳನ್ನು ಮೇಲಕ್ಕೊಯ್ಯುವ ಎಲಿವೇಟರ್, ಸಿಪ್ಪೆ ಉಜ್ಜುವ ಎಮರಿ ರೋಲರ್, ಎಣ್ಣೆ ಸವರುವ ಜಾಗ, ಒಣಗಿಸುವ ಕಟ್ಟೆ, ಕಾಳು ಒಡೆಯುವ ಯಂತ್ರ, ಪಾಲಿಶ್, ಗೋದಾಮು ಹೀಗೆ ಮಾಲು ಸಾಗುವ ದಾರಿಯಲ್ಲೇ, ಅಲ್ಲಿ ದುಡಿಯುವವರನ್ನು ಜೊತೆಗೆ ಕರೆದುಕೊಂಡು ಒಮ್ಮೆ ನಡೆಯಿರಿ. ಪ್ರತಿ ಜಾಗದಲ್ಲೂ ‘ಇಲ್ಲಿ ಅಪಾಯವೇನು’ ಎಂದು ಕೇಳಿದರೆ ‘ಏನೂ ಇಲ್ಲ ಸಾಹೇಬರೇ’ ಎಂಬ ಉತ್ತರವೇ ಬರುತ್ತದೆ. ‘ಇಲ್ಲಿ ಕೆಲಸ ನಿಲ್ಲುವುದು ಯಾವಾಗ, ನಿಂತಾಗ ಏನು ಮಾಡುತ್ತೀರಿ’ ಎಂದು ಕೇಳಿ ನೋಡಿ. ಎಲಿವೇಟರಿನ ಬುಡ ಕಟ್ಟಿಕೊಂಡಾಗ ಕೆಳಗಿನ ಬಾಗಿಲು ತೆಗೆದು ಕೈಯಿಂದ ಕಾಳು ಎಳೆಯುತ್ತೇವೆ ಎಂದು ಯಾರೋ ಒಬ್ಬರು ಹೇಳುತ್ತಾರೆ. ಆ ಹೊತ್ತಿನಲ್ಲಿ ಮೇಲಿನ ಅಂತಸ್ತಿನಲ್ಲಿರುವ ಇನ್ನೊಬ್ಬನು ಸ್ವಿಚ್ ಒತ್ತಿದರೆ ಕೈ ಹೋಗುತ್ತದೆ.

ಇದಕ್ಕೆ ಪರಿಹಾರ ಹುಡುಕುವ ಅನುಕ್ರಮವನ್ನು ಮಾನದಂಡದ 8.1.2ನೆಯ ಭಾಗ ಕೊಡುತ್ತದೆ. ಮೊದಲು ಅಪಾಯವನ್ನೇ ಇಲ್ಲವಾಗಿಸಬೇಕು, ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಗಬೇಕು, ಆಮೇಲೆ ಯಂತ್ರದ ರಚನೆಯಲ್ಲಿ ತಡೆ, ಆಮೇಲೆ ನಿಯಮ ಮತ್ತು ತರಬೇತಿ, ಕೊನೆಗೆ ಮಾಸ್ಕ್, ಕೈಗವಸು. ಕಾಳಿನ ಜೊತೆ ಬರುವ ಸುತಳಿ ಮತ್ತು ಕಡ್ಡಿಯಿಂದ ಎಲಿವೇಟರ್ ಕಟ್ಟುತ್ತಿದ್ದರೆ, ಗುಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾಗ ಕಟ್ಟುವುದೇ ಬಹುಮಟ್ಟಿಗೆ ತಪ್ಪುತ್ತದೆ. ಬಾಗಿಲು ತೆರೆದಿದ್ದಾಗ ಮೋಟಾರು ತಿರುಗದಂತೆ ಸ್ವಿಚ್ ಅಳವಡಿಸಬಹುದು; ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಕೈ ಹಾಕುವವನೇ ಕೀಲಿಯನ್ನು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ತರಬಹುದು. ತಿರುಗುವ ಭಾಗಗಳ ಬಳಿ ಕೈಗವಸು ಕೊಡುವುದು ಕೊನೆಯ ಉಪಾಯವೂ ಅಲ್ಲ, ಏಕೆಂದರೆ ಅದು ಸಿಕ್ಕಿಕೊಂಡು ಕೈಯನ್ನೇ ಒಳಗೆಳೆಯಬಹುದು. ನಾನು ಕಂಡ ಬಹುತೇಕ ಕಡತಗಳು ಈ ಅನುಕ್ರಮವನ್ನು ತಲೆಕೆಳಗು ಮಾಡಿ, ಕೈಗವಸಿನಿಂದಲೇ ಆರಂಭಿಸಿ ಅಲ್ಲಿಯೇ ಮುಗಿಸಿರುತ್ತವೆ.

ಈಗ ಆಡಳಿತದ ಭಾಗ. ಹಂಗಾಮಿನಲ್ಲಿ ನೀವು ದಿನದ ಬಹುಪಾಲು ಕಾಳಿನ ಮಾರುಕಟ್ಟೆಯಾದ ಗಂಜ್‌ನಲ್ಲಿರುತ್ತೀರಿ. ಜಾಲರಿಗೆ ಬೇಕಾದ ಸಣ್ಣ ಮೊತ್ತಕ್ಕೂ ನಿಮ್ಮ ಒಪ್ಪಿಗೆ ಬೇಕಾದರೆ ಆ ಕೆಲಸ ಹಂಗಾಮು ಮುಗಿಯುವವರೆಗೆ ಆಗುವುದಿಲ್ಲ. ಆದ್ದರಿಂದ ಸುರಕ್ಷತೆಗೆ ಸಂಬಂಧಿಸಿದ ಇಂತಿಷ್ಟು ಖರ್ಚನ್ನು ಕೇಳದೆ ಮಾಡುವ ಅಧಿಕಾರವನ್ನು ಮಿಲ್ಲಿನ ಮೇಸ್ತ್ರಿಗೆ ಬರವಣಿಗೆಯಲ್ಲಿ ಕೊಡಿ. ಒಂದು ನೋಟುಪುಸ್ತಕ ಇಡಿ. ಯಾರು ಏನು ಹೇಳಿದರು, ಯಾರು ಸರಿಪಡಿಸಬೇಕು, ಯಾವ ದಿನಾಂಕದೊಳಗೆ, ಸರಿಯಾದದ್ದನ್ನು ನೋಡಿದವರು ಯಾರು ಎಂಬ ಅಂಕಣಗಳಿದ್ದರೆ ಸಾಕು. ಹೇಳಿದ ವ್ಯಕ್ತಿಗೆ ಉತ್ತರ ಮುಟ್ಟದ ಸಾಲನ್ನು ಮುಗಿದದ್ದೆಂದು ಹೊಡೆದುಹಾಕಬೇಡಿ.

ಪ್ರಶ್ನೆ: ಅದೇ ಮಾಲೀಕರು

ಹಮಾಲರು ನಮ್ಮ ಹಾಜರಿ ಪುಸ್ತಕದಲ್ಲಿಲ್ಲ. ಮುಕಾದಮನು ಕರೆತರುತ್ತಾನೆ, ಚೀಲದ ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ. ಗೋದಾಮಿಗೆ ಔಷಧಿ ಹಾಕುವ ಕೆಲಸವೂ ಹೊರಗಿನವರದ್ದು. ಇವರೆಲ್ಲ ಈ ವ್ಯವಸ್ಥೆಯೊಳಗೆ ಬರುತ್ತಾರೆಯೇ?

ಉತ್ತರ

ಬರುತ್ತಾರೆ. ನಿಮ್ಮ ನಿಯಂತ್ರಣದಲ್ಲಿ ದುಡಿಯುವ ಯಾರೇ ಆದರೂ, ಕೂಲಿಯನ್ನು ಯಾರೇ ಕೊಟ್ಟರೂ, ಮಾನದಂಡದ ದೃಷ್ಟಿಯಲ್ಲಿ ಅವರು ಕಾರ್ಮಿಕರೇ. ಗುತ್ತಿಗೆದಾರರ ವಿಷಯಕ್ಕೆ 8.1.4.2ನೆಯ ಭಾಗ ಪ್ರತ್ಯೇಕವಾಗಿದೆ. ಕಾನೂನಿನ ನಿಲುವೂ ಬೇರೆಯಲ್ಲ. ಗುತ್ತಿಗೆದಾರರ ಮೂಲಕ ಬಂದವರನ್ನೂ ಕಾರ್ಮಿಕರೆಂದು ಪರಿಗಣಿಸುವ ಕ್ರಮ 1948ರ ಕಾರ್ಖಾನೆಗಳ ಕಾಯ್ದೆಯ ಕಾಲದ್ದು.

ಚೀಲದ ರಾಶಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಟ್ಟುವುದು, ಬುಡದಿಂದ ಚೀಲ ಎಳೆಯದಿರುವುದು, ರಾಶಿಗೂ ಗೋಡೆಗೂ ನಡುವೆ ಓಡಾಡುವ ಜಾಗ ಬಿಡುವುದು, ಇವು ನಿಮ್ಮ ಮುಕಾದಮನಿಗೆ ನನಗಿಂತ ಚೆನ್ನಾಗಿ ಗೊತ್ತಿವೆ. ಅವನನ್ನೇ ಕೂರಿಸಿಕೊಂಡು ನಿಯಮ ಬರೆಯಿಸಿ. ಆದರೆ ಚೀಲದ ಲೆಕ್ಕದ ಕೂಲಿಯು ಅವಸರಕ್ಕೆ ಕೊಡುವ ಬೆಲೆ ಎಂಬುದನ್ನು ಮರೆಯಬೇಡಿ. ರಾಶಿ ಸರಿಪಡಿಸಲು ತಗಲುವ ಹೊತ್ತಿಗೂ ಕೂಲಿ ಇಲ್ಲದಿದ್ದರೆ ನಿಮ್ಮ ನಿಯಮವನ್ನು ಯಾರೂ ಪಾಲಿಸುವುದಿಲ್ಲ.

ಔಷಧಿಯ ಮಾತಿಗೆ ಹೆಚ್ಚು ಗಮನ ಕೊಡಿ, ಏಕೆಂದರೆ ನಿಮ್ಮ ಮಿಲ್ಲಿನಲ್ಲಿ ಒಂದೇ ರಾತ್ರಿಯಲ್ಲಿ ಹಲವರ ಜೀವ ತೆಗೆಯಬಲ್ಲದ್ದು ಅದು. ಗೋದಾಮಿನಲ್ಲಿ ಇಡುವ ಗುಳಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವಾಂಶ ತಾಗಿದಾಗ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಹಲವೆಡೆ ಒಪ್ಪಿರುವ ಮಿತಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 0.3 ಭಾಗ ಮಾತ್ರ. ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ ಎಂಬುದು ನಿಜ, ಆದರೆ ವಾಸನೆಯಿಲ್ಲದ ಮಾತ್ರಕ್ಕೆ ಅನಿಲವಿಲ್ಲ ಎಂದು ನಂಬಲಾಗದು. ಅಳೆಯುವ ಉಪಕರಣವೇ ಬೇಕು. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ನಮ್ಮ ದೇಶದಲ್ಲಿ ಇದರ ಬಳಕೆ ಸರ್ಕಾರಿ ಸಂಸ್ಥೆಗಳಿಗೆ ಹಾಗೂ ಅನುಮೋದಿತ ಕೀಟ ನಿಯಂತ್ರಕರಿಗೆ ಸೀಮಿತವಾಗಿದೆ. ಹೀಗಾಗಿ ಬರುವ ವ್ಯಕ್ತಿಯ ಅನುಮೋದನೆ ಪತ್ರವನ್ನು ನೋಡುವುದು ಔಪಚಾರಿಕತೆಯಲ್ಲ. ಔಷಧಿ ಹಾಕಿದ ಗೋದಾಮಿನ ಪಡಸಾಲೆಯಲ್ಲಿ ಹಂಗಾಮಿನ ಹಮಾಲರು ಮಲಗುವ ರೂಢಿಯಿದ್ದರೆ ಅದನ್ನು ಇಂದೇ ನಿಲ್ಲಿಸಿ, ಮಲಗಲು ಬೇರೆ ಜಾಗ ಕೊಡಿ. ಗೋದಾಮನ್ನು ತೆರೆದು ಗಾಳಿಯಾಡಿಸಿ, ಅಳತೆ ನೋಡಿ, ಎಚ್ಚರಿಕೆಯ ಫಲಕ ತೆಗೆಯುವವರೆಗೆ ಕೀಲಿ ಒಬ್ಬರ ಬಳಿಯೇ ಇರಲಿ. ಉಳಿದ ಪುಡಿಯನ್ನು ಡಬ್ಬದಲ್ಲಿ ಮುಚ್ಚಿಡಬಾರದು. ಅರ್ಧ ಕರಗಿದ ಗುಳಿಗೆಯಿಂದ ಅನಿಲ ತುಂಬಿಕೊಂಡು ತಾನಾಗಿಯೇ ಹೊತ್ತಿಕೊಳ್ಳಬಹುದು.

ಪ್ರಶ್ನೆ: ಮೇಲ್ವಿಚಾರಕರು, ಸೇಡಂ

ನಾನು ಗುತ್ತಿಗೆದಾರರೊಬ್ಬರ ಬಳಿ ಕೆಲಸ ಮಾಡುತ್ತೇನೆ. ನಮ್ಮ ಗೇಟಿನಲ್ಲಿ ಅಪಘಾತವಿಲ್ಲದ ದಿನಗಳ ಫಲಕವಿದೆ, ಆ ಸಂಖ್ಯೆಗೆ ತಕ್ಕಂತೆ ಎಲ್ಲರಿಗೂ ಬಹುಮಾನವಿದೆ. ಬೆರಳು ಜಜ್ಜಿಕೊಂಡವನು ಊರಿಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುತ್ತಾನೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ

ಬಹುಮಾನವನ್ನು ಆ ಸಂಖ್ಯೆಯಿಂದ ಬಿಡಿಸಿ. ಗಾಯವಾದವನು ಹೇಳಿಕೊಂಡರೆ ಇಡೀ ತಂಡದ ಬಹುಮಾನ ಹೋಗುತ್ತದೆ ಎಂದಾದರೆ, ಮುಚ್ಚಿಡುವುದಕ್ಕೆ ನೀವೇ ದುಡ್ಡು ಕೊಟ್ಟಂತಾಯಿತು. ನಮ್ಮಲ್ಲಿ ಅಪಘಾತದ ಪ್ರಮಾಣವನ್ನು ಹತ್ತು ಲಕ್ಷ ದುಡಿಮೆಯ ಗಂಟೆಗಳಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. 40 ಜನರು ವರ್ಷಕ್ಕೆ ತಲಾ 2,400 ಗಂಟೆ ದುಡಿದರೆ ಒಟ್ಟು 96,000 ಗಂಟೆ. ಒಂದು ಅಪಘಾತವಾದರೆ ಪ್ರಮಾಣ 10.4, ಆಗದಿದ್ದರೆ ಸೊನ್ನೆ. ಇಷ್ಟು ಸಣ್ಣ ತಂಡದಲ್ಲಿ ಈ ಅಂಕಿಯ ಏರಿಳಿತ ಬಹುಮಟ್ಟಿಗೆ ಅದೃಷ್ಟದ ಏರಿಳಿತವೇ ಆಗಿರುತ್ತದೆ. ಅದರ ಬದಲು, ಈ ತಿಂಗಳು ಕೂದಲೆಳೆಯಲ್ಲಿ ತಪ್ಪಿದ ಎಷ್ಟು ಘಟನೆಗಳು ವರದಿಯಾದವು, ಅವುಗಳಲ್ಲಿ ಎಷ್ಟು ಹೇಳಿದ ದಿನಾಂಕದೊಳಗೆ ಸರಿಯಾದವು ಎಂಬುದನ್ನು ಫಲಕದಲ್ಲಿ ಬರೆಯಿರಿ. ಮೊದಲ ತಿಂಗಳುಗಳಲ್ಲಿ ವರದಿಗಳ ಸಂಖ್ಯೆ ಏರುತ್ತದೆ. ಅದು ಒಳ್ಳೆಯ ಸೂಚನೆ ಎಂದು ನಿಮ್ಮ ಗುತ್ತಿಗೆದಾರರಿಗೆ ಮುಂಚಿತವಾಗಿಯೇ ಹೇಳಿಡಿ, ಇಲ್ಲದಿದ್ದರೆ ಅವರು ಗಾಬರಿಯಿಂದ ಫಲಕವನ್ನೇ ತೆಗೆಸುತ್ತಾರೆ.

ಪ್ರಶ್ನೆ: ಕಾರ್ಮಿಕರು, ಹುಮನಾಬಾದ್

ರಾಸಾಯನಿಕ ಟ್ಯಾಂಕಿನೊಳಗೆ ಇಳಿದು ತೊಳೆಯಲು ಹೇಳುತ್ತಾರೆ. ಇಳಿಯುವುದಿಲ್ಲ ಎನ್ನಬಹುದೇ?

ಉತ್ತರ

ಅನ್ನಬಹುದು. ಜೀವಕ್ಕೆ ತಕ್ಷಣದ, ಗಂಭೀರ ಅಪಾಯವಿದೆ ಎನಿಸಿದ ಕೆಲಸದಿಂದ ಕಾರ್ಮಿಕರು ಹಿಂದೆ ಸರಿಯಬಹುದೆಂದೂ, ಹಾಗೆ ಸರಿದವರಿಗೆ ತೊಂದರೆಯಾಗದಂತೆ ರಕ್ಷಣೆ ಇರಬೇಕೆಂದೂ ಮಾನದಂಡದ 7.3ನೆಯ ಭಾಗ ಹೇಳುತ್ತದೆ. ಅಂಥ ಅಪಾಯವನ್ನು ಉದ್ಯೋಗದಾತರಿಗೂ ಅದೇ ವೇಳೆಗೆ ಸರ್ಕಾರಿ ನಿರೀಕ್ಷಕರಿಗೂ ತಿಳಿಸುವ ಹಕ್ಕನ್ನು 2020ರ ವೃತ್ತಿ ಸುರಕ್ಷತಾ ಸಂಹಿತೆಯ 14ನೆಯ ಕಲಮು ಕೊಟ್ಟಿದೆ. ಟ್ಯಾಂಕಿನೊಳಗಿನ ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆಯಿಲ್ಲವೆಂದೂ, ವಿಷಾನಿಲ ಮತ್ತು ಹೊತ್ತುವ ಆವಿ ಇಲ್ಲವೆಂದೂ ಅಳೆದು ಬರೆದ ಪರವಾನಗಿ, ಸಂಪರ್ಕ ಕಡಿದ ಕೊಳವೆಗಳು, ಮೇಲೆ ಹಗ್ಗ ಹಿಡಿದು ನಿಂತ ಇನ್ನೊಬ್ಬರು, ಇಷ್ಟೂ ಇಲ್ಲದೆ ಇಳಿಯಬೇಡಿ. ಒಳಗೆ ಬಿದ್ದವನನ್ನು ಎತ್ತಲೆಂದು ಉಸಿರಾಟದ ಉಪಕರಣವಿಲ್ಲದೆ ಹಿಂದೆಯೇ ಇಳಿದವನೂ ಸಾಯುವುದು ಇಂಥ ಕಡೆಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ.

ಪ್ರಶ್ನೆ: ಸ್ವಸಹಾಯ ಸಂಘದ ಕಾರ್ಯಕರ್ತೆ, ಕಲಬುರಗಿ

ಮಿಲ್ಲಿನ ಕಟ್ಟೆಯ ಮೇಲೆ ಕಾಳು ಹರವಿ ತಿರುವುವ ಹೆಣ್ಣುಮಕ್ಕಳು ಏಪ್ರಿಲ್, ಮೇ ಬಿಸಿಲಿನಲ್ಲಿ ನಿಂತಿರುತ್ತಾರೆ. ಇದೂ ನಿಮ್ಮ ವ್ಯವಸ್ಥೆಯ ವಿಷಯವೇ?

ಉತ್ತರ

ಖಂಡಿತ. ಹವಾಮಾನ ಬದಲಾವಣೆ ತಮಗೆ ಸಂಬಂಧಿಸಿದ ವಿಷಯವೇ ಎಂದು ಪ್ರತಿ ಸಂಸ್ಥೆಯೂ ನಿರ್ಧರಿಸಬೇಕೆಂಬ ಮಾತನ್ನು 2024ರ ತಿದ್ದುಪಡಿ ಐಎಸ್‌ಒ 45001ಕ್ಕೆ ಸೇರಿಸಿದೆ. ಮೇ ತಿಂಗಳ ಕಲಬುರಗಿಯಲ್ಲಿ ಆ ಪ್ರಶ್ನೆಗೆ ಎರಡು ಉತ್ತರಗಳಿಲ್ಲ. ಬಿಸಿಲಲ್ಲಿ ಒಣಗಿಸುವ ಬದಲು ಯಾಂತ್ರಿಕ ಡ್ರೈಯರ್ ಹಾಕುವುದು ಪೂರ್ಣ ಪರಿಹಾರ, ಆದರೆ ದುಬಾರಿ. ತಿರುವುವ ಕೆಲಸವನ್ನು ಬೆಳಿಗ್ಗೆ ಹನ್ನೊಂದರೊಳಗೆ ಮತ್ತು ಇಳಿಹೊತ್ತಿಗೆ ಮುಗಿಸುವುದು, ಕಟ್ಟೆಯ ಪಕ್ಕದಲ್ಲೇ ನೆರಳು, ತಣ್ಣೀರು, ಮತ್ತು ಕೂಲಿ ಕಡಿತವಿಲ್ಲದ ವಿರಾಮ ಇವು ಈ ಹಂಗಾಮಿನಲ್ಲೇ ಸಾಧ್ಯ. ಶೌಚಾಲಯ ದೂರವಿದ್ದರೆ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ಇದನ್ನು ನಾನು ಯಾವ ಮಿಲ್ಲಿನ ಅಪಾಯದ ಪಟ್ಟಿಯಲ್ಲೂ ಕಂಡಿಲ್ಲ. ಹೊಸದಾಗಿ ಬಂದವರಿಗೆ ಮೊದಲ ವಾರ ಕಡಿಮೆ ಹೊತ್ತಿನ ಕೆಲಸ ಕೊಡಿ.

ಪ್ರಶ್ನೆ: ಕಪನೂರಿನ ಮಾಲೀಕರು, ಮತ್ತೆ

ಹಾಗಾದರೆ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕುವುದು ಬೇಡವೇ?

ಉತ್ತರ

ಒಂದು ಹಂಗಾಮು ನಡೆಸಿದ ಮೇಲೆ ಹಾಕಿ. ಆಂತರಿಕ ಪರಿಶೋಧನೆ ಮತ್ತು ನಿಮ್ಮದೇ ಅಧ್ಯಕ್ಷತೆಯ ನಿರ್ವಹಣಾ ಪರಿಶೀಲನೆ ಒಮ್ಮೆಯಾದರೂ ನಡೆದಿರಬೇಕು. ಒಂಬತ್ತನೆಯ ಅಧ್ಯಾಯ ಅದನ್ನೇ ಕೇಳುತ್ತದೆ, ಮತ್ತು ಎರಡು ಹಂತದ ಹೊರಗಿನ ಪರಿಶೋಧನೆಯಲ್ಲಿ ಅದರ ದಾಖಲೆಯನ್ನು ನೋಡುತ್ತಾರೆ. ಐಎಸ್‌ಒ ಸಂಸ್ಥೆಯೇ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವ ಸಂಸ್ಥೆಗೆ, ಪ್ರಮಾಣೀಕರಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ಭಾರತದ ಮಂಡಳಿಯಾದ ಎನ್‌ಎಬಿಸಿಬಿ ಅಥವಾ ಅದಕ್ಕೆ ಸಮನಾದ ಮಾನ್ಯತೆ ಇದೆಯೇ ಎಂದು ನೋಡಿ, ಏಕೆಂದರೆ ಮಾನ್ಯತೆಯಿಲ್ಲದವರ ಪತ್ರವನ್ನು ದೊಡ್ಡ ಖರೀದಿದಾರರು ತಿರಸ್ಕರಿಸಬಹುದು. ಪತ್ರದ ಅವಧಿ ಸಾಮಾನ್ಯವಾಗಿ ಮೂರು ವರ್ಷ, ನಡುವೆ ಪ್ರತಿ ವರ್ಷ ತಪಾಸಣೆ ಇರುತ್ತದೆ. ಇಪ್ಪತ್ತು ದಿನಗಳ ಕಡತ ಮೊದಲ ಬಾರಿಗೆ ದಾಟಿದರೂ ಎರಡನೆಯ ವರ್ಷ ಸಿಕ್ಕಿಬೀಳುತ್ತದೆ.

ಖರೀದಿದಾರರಿಗೆ ಈಗಲೇ ಒಂದು ಕಾಗದ ಬರೆಯಿರಿ. ಯಾವ ತಿಂಗಳಲ್ಲಿ ಏನು ಮುಗಿಸುತ್ತೀರಿ ಎಂಬ ಯೋಜನೆಯನ್ನೂ, ನೋಟುಪುಸ್ತಕದ ಮೊದಲ ಪುಟಗಳ ಪ್ರತಿಯನ್ನೂ ಲಗತ್ತಿಸಿ. ಸಲಹೆಗಾರರನ್ನು ನೇಮಿಸಿಕೊಳ್ಳುವುದಾದರೆ, ಬರೆಯುವ ಮೊದಲು ಎರಡು ಪಾಳಿ ಮಿಲ್ಲಿನಲ್ಲಿ ನಿಂತು ನೋಡಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಹಾಕಿ.