ಪದ ಬೇಕು: ಹೊಲದ ಬದುವಿನ ನಡಿಗೆಗೆ ‘ಚಾರಣ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಬೋರ್ಡ್ ಬರೆಯುವವರು ಕಾಯುತ್ತಿದ್ದಾರೆ.

ತುಮಕೂರಿನ ಅಂಚಿನಲ್ಲಿ ನಮ್ಮ ಮನೆ. ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ಹಿಂದಿನ ಕೆರೆ ಏರಿ ದಾಟಿ ಹೋಗಿದ್ದು ಈ ಮಾಘದಲ್ಲೇ. ತೂಬಿನ ಪಕ್ಕ ಇಳಿದರೆ ಒಂದು ಜಾಡು. ಅದು ಗುಂಡುತೋಪಿಗೆ ಹೋಗಿ ಹೊಲದ ಬದು ಹಿಡಿಯುತ್ತದೆ. ಮುತ್ತುಗದಲ್ಲಿ ಎಲೆಯೇ ಇಲ್ಲ, ಬರೀ ಹೂ. ಒಂದನ್ನು ಎತ್ತಿ ನೋಡಿದೆ. ಎಸಳು ಕೆಂಡ, ತೊಟ್ಟು ಕಪ್ಪು ಮಖಮಲ್ಲು. ಅತ್ತ ಹುಣಸೆ ಬಡಿಯುತ್ತಿದ್ದರು. ಮನೆಯಿಂದ ಇಪ್ಪತ್ತು ನಿಮಿಷ ಅಷ್ಟೇ!

ಊರಿನವರನ್ನು ಕೇಳಿಯೇ ದಾರಿ ತೋರುವ ಬೋರ್ಡ್ ನೆಡುತ್ತಿದ್ದೇವೆ. ‘ಚಾರಣ’ ಅಂದರೆ ಬೆಟ್ಟ ಹತ್ತಬೇಕು ಅನಿಸುತ್ತದೆ. ‘ವಾಯುವಿಹಾರ’ ಪಾರ್ಕಿಗೆ ಸರಿ. ‘ವಾಕಿಂಗ್’ ಅಂದರೆ ಡಾಕ್ಟರ್ ಹೇಳಿದ್ದು. ಬೇರೆ ಏನಿದೆ?

ಧಾರವಾಡದಿಂದ:
ಅಡ್ಡಾಟ. ‘ಸಂಜಿಮುಂದ ಅಡ್ಡಾಡ್ಲಿಕ್ಕೆ ಹೋಗೋದು’ ಅಂತ ದಿನಾ ಅನ್ನುತ್ತೇವೆ. ಹೊಸದು ಕಟ್ಟಬೇಡಿ.

ಶಿವಮೊಗ್ಗದಿಂದ:
ಚಾರಣ, ವಿಹಾರ, ಮುತ್ತುಗ ಹೂ ಬಿಡುವ ಈ ‘ವಸಂತ’ ಎಲ್ಲ ಸಂಸ್ಕೃತದ್ದು. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’, ವಸಂತಕ್ಕೆ ‘ಸುಗ್ಗಿ’ ಇತ್ತು. ‘ಸುಗ್ಗಿಬಟ್ಟೆ’ ಅಂತ ಬರೆಸಿ. ನಮ್ಮ ಪದ ನಾವು ಬಳಸದಿದ್ದರೆ ಬೇರೆ ಯಾರು ಬಳಸುತ್ತಾರೆ?

ಮೈಸೂರಿನಿಂದ:
ಆಗದ ಮಾತು. ‘ಬಟ್ಟೆ’ಯೇ ತದ್ಭವ ಸ್ವಾಮಿ, ‘ವರ್ತ್ಮ’ದಿಂದ ಪ್ರಾಕೃತದ ಮೂಲಕ ಬಂದದ್ದು. ಸಾಲದ ಪದವನ್ನೇ ಮನೆಯ ಆಸ್ತಿ ಅಂದುಕೊಂಡಿದ್ದೀರಿ. ಇವತ್ತು ಅದನ್ನು ಓದಿದವರಿಗೆ ಉಡುವ ಬಟ್ಟೆಯೇ ಹೊಳೆಯುವುದು. ಸುಗ್ಗಿಗೆ ವಸಂತ ಅನ್ನುವ ಅರ್ಥ 1894ರ ಕಿಟ್ಟೆಲ್ ನಿಘಂಟಿನಲ್ಲೂ ಇದೆ, ಒಪ್ಪಿದೆ. ಆದರೆ ತುಮಕೂರಿನ ರೈತರಿಗೆ ಸುಗ್ಗಿ ಅಂದರೆ ರಾಗಿ ಕಣ. ಮುತ್ತುಗ ಹೂ ಬಿಡುವಾಗ ಅದು ಮುಗಿದಿರುತ್ತದೆ.

ಗ್ರಾಮ ನಕಾಶೆ ತೆಗೆದು ನೋಡಿ. ಬಂಡಿದಾರಿ, ಕಾಲುದಾರಿ ಅಂತ ಬೇರೆ ಬೇರೆ ಚುಕ್ಕೆಗೆರೆ ಇರುತ್ತೆ. ಆ ‘ನಕಾಶೆ’ ಅರಬ್ಬಿಯಿಂದ ಬಂದ ಮಾತು. ಅದನ್ನೂ ಹೊರಗೆ ಹಾಕುತ್ತೀರಾ?

ಶಿವಮೊಗ್ಗದಿಂದ:
ಬಂದದ್ದನ್ನು ಹೊರಹಾಕಿ ಅಂತ ನಾನು ಹೇಳಲಿಲ್ಲ. ಇರುವುದನ್ನು ಮರೆಯಬೇಡಿ ಅಂದೆ. ಎರಡೂ ಒಂದೇ ಅಲ್ಲ.

ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ನಕಾಶೆ ನೋಡಿದೆ. ನಮ್ಮ ಜಾಡು ಒಂಟಿ ಚುಕ್ಕೆಗೆರೆಯಲ್ಲಿದೆ, ಅಂದರೆ ಕಾಲುದಾರಿಯೇ. ಹುಣಸೆ ಆಯುತ್ತಿದ್ದ ಅಜ್ಜಿಯನ್ನು ‘ಇದಕ್ಕೆ ಏನಂತೀರಮ್ಮ?’ ಅಂತ ಕೇಳಿದೆ. ‘ತೂಬಿನ ದಾರಿ ಕಣಪ್ಪ, ಇನ್ನೇನು ಅಂತಾರೆ’ ಅಂದರು. ಬೋರ್ಡಿಗೆ ಅದನ್ನೇ ಕೊಟ್ಟೆ. ಕೆಳಗೆ ಸಣ್ಣದಾಗಿ ‘ಅಡ್ಡಾಡಿ ಬನ್ನಿ, ಒಂದೂವರೆ ಕಿ.ಮೀ.’

ಶಿವಮೊಗ್ಗದಿಂದ:
ತೂಬು ಅಚ್ಚಗನ್ನಡ. ಸಂತೋಷ. ಕಿ.ಮೀ. ಬದಲು ಅರ್ಧ ಮೈಲಿ, ಒಂದು ಮೈಲಿ ಅಂತ ಮಾತ್ರ ಹಾಕಬೇಡಿ, ಅದೂ ಹೊರಗಿನದೇ. ‘ಹರದಾರಿ’ ಇದೆ.

ಮೈಸೂರಿನಿಂದ:
ಹರದಾರಿ ಅಂದರೆ ಸುಮಾರು ಮೂರು ಮೈಲಿ. ಈ ದಾರಿ ಅದರಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಿ.ಮೀ. ಇರಲಿ.