ಪೆಟ್ರೋಲ್ ಬಿಟ್ಟರೆ ಬೇರೆ ದಾರಿ ಏನು? ಗ್ಯಾರೇಜ್ ಅಣ್ಣನಿಗೆ ಕೇಳಿ

ಅಡ್ಮಿನ್: ಭಾನುವಾರದ ಪ್ರಶ್ನೋತ್ತರ ಶುರು. ಮೈಸೂರಿನ ಹೆಬ್ಬಾಳದಲ್ಲಿ ಗ್ಯಾರೇಜ್ ನಡೆಸುವ ನಮ್ಮ ಅಣ್ಣ ಊಟದ ಹೊತ್ತಿನವರೆಗೆ ಸಿಗುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಪಟ್ಟಣದ ಸವಾರ: ನಮಸ್ಕಾರ ಅಣ್ಣ. ಶ್ರೀರಂಗಪಟ್ಟಣದಿಂದ ಓಡಾಟ, ತಿಂಗಳಿಗೆ 1,200 ಕಿ.ಮೀ. ಆಗುತ್ತದೆ. ಹೊಸ ಸಿಎನ್‌ಜಿ ಕಾರು ತಗೊಂಡರೆ ಲಾಭ ಇದೆಯಾ?

ಗ್ಯಾರೇಜ್ ಅಣ್ಣ: ನಮಸ್ಕಾರ ಸಾರ್. ಪೆಟ್ರೋಲ್ 103, ಗ್ಯಾಸ್ 88 ಅಂತ ಇಟ್ಟುಕೊಳ್ಳೋಣ. ಚಿಕ್ಕ ಕಾರು ಲೀಟರಿಗೆ 16, ಕೆಜಿಗೆ 22 ಓಡಿದರೆ ನಿಮಗೆ ತಿಂಗಳಿಗೆ 2,900 ಉಳಿಯುತ್ತದೆ. ಕಾರಿಗೆ 95 ಸಾವಿರ ಜಾಸ್ತಿ ಕೊಟ್ಟಿದ್ದರೆ ಮೂರು ವರ್ಷಕ್ಕೆ ಸ್ವಲ್ಪ ಮುಂಚೆ ಅಸಲು ಬಂತು. ತಿಂಗಳಿಗೆ 400 ಕಿ.ಮೀ. ಓಡಿಸುವವರಿಗೆ ಎಂಟು ವರ್ಷ ಬೇಕು, ಅವರು ಸುಮ್ನೆ ಇರುವುದೇ ವಾಸಿ. ಚಾಮುಂಡಿ ಬೆಟ್ಟ ಹತ್ತುವಾಗ ಗಾಡಿ ಸ್ವಲ್ಪ ಮುಕ್ಕರಿಯುತ್ತದೆ, ಅದು ತಿಳಿದಿರಲಿ. ಗ್ಯಾಸ್ ಇದೆಯಲ್ಲ ಅಂತ ಪೆಟ್ರೋಲ್ ಟ್ಯಾಂಕ್ ಒಣಗಿಸಬೇಡಿ. ಒಳಗಿನ ಪಂಪ್ ತಣ್ಣಗಿರುವುದೇ ಆ ಪೆಟ್ರೋಲ್‌ನಿಂದ.

ಮದ್ದೂರು ಟೀಚರ್: ಅಣ್ಣ, ನಾನು ದಿನಾ ಮಂಡ್ಯಕ್ಕೆ ಹೋಗಿ ಬರುತ್ತೇನೆ, 40 ಕಿ.ಮೀ. ಚಿಕ್ಕ ಎಲೆಕ್ಟ್ರಿಕ್ ಕಾರು ಸಾಕಾಗುತ್ತದಾ? ನಮ್ಮ ಮನೆಗೆ ಗೃಹಜ್ಯೋತಿ ಇದೆ, ಕರೆಂಟ್ ಬಿಲ್ ಸೊನ್ನೆ. ಅಂದರೆ ಕಾರು ಪುಕ್ಕಟೆ ಓಡುತ್ತದೆ ಅಲ್ವಾ?

ಗ್ಯಾರೇಜ್ ಅಣ್ಣ: ಕಾರು ಸಾಕು ಮೇಡಂ, ಪುಕ್ಕಟೆ ಮಾತ್ರ ಅಲ್ಲ. ತಿಂಗಳಿಗೆ 1,000 ಕಿ.ಮೀ. ಅಂದರೆ ಸುಮಾರು 160 ಯೂನಿಟ್. ಮನೆಗೆ 90 ಇದ್ದರೆ ಒಟ್ಟು 250. ಇನ್ನೂರು ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಯೂನಿಟ್ 6 ರೂಪಾಯಿ ಅಂದರೂ 1,500. ಅದೇ ದೂರಕ್ಕೆ ಪೆಟ್ರೋಲ್ 6,400 ಆಗುತ್ತಿತ್ತು, ಲೆಕ್ಕ ನೀವೇ ನೋಡಿ. 15 ಆ್ಯಂಪ್ ಸಾಕೆಟ್ ಸಾಕು, ರಾತ್ರಿ ಹಾಕಿದರೆ ಬೆಳಿಗ್ಗೆಗೆ ತುಂಬಿರುತ್ತದೆ. ಆದರೆ ಮೊದಲು ಅರ್ಥಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಹೋಗಿರುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಆಮೇಲೆ ಕಾರು ಕೆಟ್ಟಿದೆ ಅಂತ ನನಗೆ ಫೋನ್ ಮಾಡುತ್ತಾರೆ.

ಹುಣಸೂರು ರೋಡ್: ನನ್ನದು 2014ರ ಪೆಟ್ರೋಲ್ ಕಾರು. ಈಗ ಬರುವ ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿಸಿದರೆ ಇಂಜಿನ್ ಹೋಗುತ್ತದಾ?

ಗ್ಯಾರೇಜ್ ಅಣ್ಣ: ಒಂದೇ ದಿನಕ್ಕೆ ಏನೂ ಹೋಗುವುದಿಲ್ಲ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುತ್ತದೆ. 2023ಕ್ಕಿಂತ ಹಳೇ ಗಾಡಿಗಳ ರಬ್ಬರ್ ಪೈಪು, ವಾಷರ್ ಸರ್ವೀಸ್‌ನಲ್ಲಿ ನೋಡಿಸುತ್ತಿರಿ. ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಎಥನಾಲ್ ನೀರು ಎಳೆಯುತ್ತದೆ.

ಆಲೆಮನೆ ಹುಡುಗ: ಎಥನಾಲ್ ಅಂದರೆ ಎಲ್ಲರೂ ಮೂಗು ಮುರಿಯುತ್ತೀರಿ. ಅದು ನಮ್ಮ ಮಂಡ್ಯದ ಕಬ್ಬು ಸ್ವಾಮಿ. ದುಡ್ಡು ಅರಬ್ ದೇಶಕ್ಕೆ ಹೋಗುವ ಬದಲು ರೈತನ ಕೈಗೆ ಬರಲಿ.

ಹುಣಸೂರು ರೋಡ್: ರೈತನ ಕೈಗೆ ಬಂತಾ? ಮೈಲೇಜ್ ಕಳೆದುಕೊಂಡವನು ನಾನು, ಕಬ್ಬಿನ ಬಾಕಿಗೆ ಕಾಯುವವರು ನೀವು. ಮಧ್ಯದಲ್ಲಿ ಯಾರು ತಿಂದರು?

ಆಲೆಮನೆ ಹುಡುಗ: ಫ್ಯಾಕ್ಟರಿ ಮಾತು ಬೇರೆ. ನೀವು ನಮ್ಮ ಬೆಳೆ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಹುಣಸೂರು ರೋಡ್: 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬೇಡಿ ಅಂತ ಸರ್ಕಾರವೇ ತಡೆ ಹಾಕಿತ್ತಲ್ಲ, ಆಗ ಎಲ್ಲಿ ಹೋಗಿತ್ತು ರೈತರ ಪ್ರೀತಿ? ಈಗ ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಎಲ್ಲಾ ಕಬ್ಬಿನದೇ ಅಂದುಕೊಂಡು ಕೂರಬೇಡಿ.

ಅಡ್ಮಿನ್: ಇಬ್ಬರೂ ಪರ್ಸನಲ್‌ನಲ್ಲಿ ಮಾತಾಡಿಕೊಳ್ಳಿ.

ಬನ್ನಿಮಂಟಪ ಅಂಕಲ್: ಫಾರ್ವರ್ಡ್ ಬಂದಿದೆ, ನೋಡಿ. ಬಾನೆಟ್ ಒಳಗೆ ನೀರಿನ ಡಬ್ಬ ಕೂರಿಸಿದರೆ ಹೈಡ್ರೋಜನ್ ಬಂದು ಅರ್ಧ ಪೆಟ್ರೋಲ್ ಉಳಿಯುತ್ತದಂತೆ. ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿದರೂ ಮೈಲೇಜ್ ಬರುತ್ತದಂತೆ.

ಗ್ಯಾರೇಜ್ ಅಣ್ಣ: ನೀರು ಒಡೆಯಲು ಕರೆಂಟ್ ಬೇಕು. ಆ ಕರೆಂಟ್ ಮಾಡುವುದು ಆಲ್ಟರ್ನೇಟರ್. ಆಲ್ಟರ್ನೇಟರ್ ತಿರುಗಿಸುವುದು ಅದೇ ಪೆಟ್ರೋಲ್. ಎಲ್ಲಿಂದ ಉಳಿಯಬೇಕು? ನುಸಿಗುಳಿಗೆ ಬೀರುವಿನಲ್ಲಿ ಇರಲಿ, ಸೀರೆಗಾದರೂ ಉಪಯೋಗ.

ಬನ್ನಿಮಂಟಪ ಅಂಕಲ್: ಗೊತ್ತಿಲ್ಲದೆ ಕೇಳಿದೆ, ಇಷ್ಟು ಖಾರ ಯಾಕೆ?

ನಾಗಮಂಗಲದವನು: ಅಣ್ಣ, ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಡಿಕ್ಕಿಯಲ್ಲಿ ಸಿಎನ್‌ಜಿ ಕಿಟ್ ಇದೆ, ಆರ್‌ಸಿಯಲ್ಲಿ ಮಾತ್ರ ಬರೀ ಪೆಟ್ರೋಲ್ ಅಂತಿದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಾಗಿಲು ತೆಗೆದರೆ ಗ್ಯಾಸ್ ವಾಸನೆ. ಜಾಯಿಂಟ್‌ಗೆ ಎಂಸೀಲ್ ಹಚ್ಚು, ಸರಿಹೋಗುತ್ತದೆ ಅಂತ ನಮ್ಮ ಭಾವ ಹೇಳುತ್ತಾರೆ. ಮಕ್ಕಳನ್ನು ಕರೆದುಕೊಂಡು ಇವತ್ತೇ ಮೇಲುಕೋಟೆಗೆ ಹೋಗಬೇಕು.

ಗ್ಯಾರೇಜ್ ಅಣ್ಣ: ಹೊರಡಬೇಡಿ. ಕೀ ಮುಟ್ಟಬೇಡಿ. ಕಾರು ಶೆಡ್ ಒಳಗಿದ್ದರೆ ನಾಲ್ಕು ಜನ ಸೇರಿ ತಳ್ಳಿ ಬಯಲಿಗೆ ತನ್ನಿ, ಸ್ಟಾರ್ಟ್ ಮಾಡಬೇಡಿ. ಬಾಗಿಲು, ಡಿಕ್ಕಿ ಎಲ್ಲಾ ತೆಗೆದಿಟ್ಟು ದೂರ ನಿಲ್ಲಿ. ಗಾಳಿಯಾಡಿದ ಮೇಲೆ ಸಿಲಿಂಡರ್ ಬಾಯಿಯಲ್ಲಿರುವ ಕೈ ವಾಲ್ವನ್ನು ಬಲಕ್ಕೆ ತಿರುಗಿಸಿ ಮುಚ್ಚಿ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ.

ಟೈರಿಗೆ 33 ಗಾಳಿ ಹಾಕಿಸುತ್ತೀರಲ್ಲ, ಅದೇ ಅಳತೆಯಲ್ಲಿ ತುಂಬಿದ ಸಿಎನ್‌ಜಿ ಸಿಲಿಂಡರ್ ಒಳಗೆ ಹತ್ತಿರ ಹತ್ತಿರ 2,900 ಇರುತ್ತದೆ. ಅದಕ್ಕೆ ಎಂಸೀಲ್ ಹಚ್ಚುತ್ತಾರಂತೆ! ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿಬಿಡುತ್ತದೆ ಅಂತ ಧೈರ್ಯ ಹೇಳುವವರಿದ್ದಾರೆ. ಬಯಲಲ್ಲಿ ಸರಿ. ಗಾಜು ಏರಿಸಿದ ಕಾರಿನಲ್ಲಿ ಎಲ್ಲಿಗೆ ಹೋಗುತ್ತದೆ? ಟಾಪಿನ ಕೆಳಗೆ, ನಿಮ್ಮ ತಲೆ ಹತ್ತಿರವೇ ನಿಲ್ಲುತ್ತದೆ.

ಈಗ ಮೂರು ಫೋಟೋ ಕಳಿಸಿ. ಸಿಲಿಂಡರ್ ಮೇಲೆ ಕೊರೆದಿರುವ ತಾರೀಖು, ವಾಲ್ವ್ ಸುತ್ತ ಇರುವ ರಬ್ಬರ್ ಚೀಲ, ಬಿಗಿದಿರುವ ಪಟ್ಟಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್‌ಗೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ, ಆಗಲೇಬೇಕು.

ನಾಗಮಂಗಲದವನು: (ಫೋಟೋ) (ಫೋಟೋ) ವಾಲ್ವ್ ಮುಚ್ಚಿದೆ ಅಣ್ಣ. ತಾರೀಖು ಕಾಣುತ್ತಿಲ್ಲ, ಮೇಲೆ ಹೊಸದಾಗಿ ಬಿಳಿ ಪೇಂಟ್ ಹೊಡೆದಿದ್ದಾರೆ. ಚೀಲ ಇಲ್ಲ.

ಗ್ಯಾರೇಜ್ ಅಣ್ಣ: ಅನುಮಾನ ಇದ್ದದ್ದೇ ಅದು. ತಾರೀಖಿನ ಮೇಲೆ ಪೇಂಟ್ ಹೊಡೆದಿದ್ದಾರೆ ಅಂದರೆ ತಾರೀಖು ಮುಗಿದಿದೆ ಅಂತಲೇ ತಿಳಿಯಿರಿ. ಸೋರಿದ ಗ್ಯಾಸನ್ನು ಕಾರಿನ ಕೆಳಗಿನಿಂದ ಹೊರಗೆ ಬಿಡುವುದು ಆ ಚೀಲ. ಅದೂ ಇಲ್ಲ. ಪಟ್ಟಿ ನೋಡಿ, ತಗಡಿಗೆ ಎರಡೇ ಬೋಲ್ಟ್, ಒಂದರ ಕೆಳಗೆ ವಾಷರ್ ಕೂಡ ಇಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ಸಿಲಿಂಡರ್ ಸೀಟಿಗೆ ಬರುತ್ತದೆ. ಆ ಸೀಟಿನಲ್ಲಿ ಕೂರುವವರು ನಿಮ್ಮ ಮಕ್ಕಳು. ಆರ್‌ಸಿಯಲ್ಲಿ ಕಿಟ್ ಸೇರಿಸಿಲ್ಲ ಅಂದರೆ ಇನ್ಶೂರೆನ್ಸ್‌ನವರೂ ಕೈ ತೊಳೆದುಕೊಳ್ಳುತ್ತಾರೆ. ಪರವಾನಗಿ ಇರುವ ಕಿಟ್ ಅಂಗಡಿಯವರನ್ನು ಅಲ್ಲಿಗೇ ಕರೆಸಿ ಬಿಚ್ಚಿಸಿ. ನೀವು ಸ್ಪ್ಯಾನರ್ ಹಿಡಿಯಬೇಡಿ.

ನಾಗಮಂಗಲದವನು: ವಾಲ್ವ್ ಮುಚ್ಚಿದೆಯಲ್ಲ, ಇವತ್ತೊಂದು ದಿನ ಪೆಟ್ರೋಲ್‌ನಲ್ಲೇ ಮೇಲುಕೋಟೆಗೆ ಹೋಗಿ ಬರಲಾ?

ಗ್ಯಾರೇಜ್ ಅಣ್ಣ: ಬಸ್ಸಿಗೆ ಹೋಗಿ. ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ.

ವಿವಿ ಮೊಹಲ್ಲಾ: ನನ್ನದು 2012ರ ಗಾಡಿ. ಇ20 ಹಾಕಿಸಬಹುದಾ?

ಗ್ಯಾರೇಜ್ ಅಣ್ಣ: ಮೇಲೆ ಓದಿ.

ಪಾಂಡವಪುರ ಎಕ್ಸ್‌ಪ್ರೆಸ್: ನಮ್ಮ ಕಡೆ ಮನೆ ಸಿಲಿಂಡರ್‌ನಿಂದಲೇ ಕಾರಿನ ಎಲ್‌ಪಿಜಿ ಟ್ಯಾಂಕಿಗೆ ತುಂಬಿಸಿಕೊಡುತ್ತಾರೆ. ಅರ್ಧ ರೇಟು. ಹೇಗೆ ಅಣ್ಣ?

ಗ್ಯಾರೇಜ್ ಅಣ್ಣ: ಅದು ಅಪರಾಧ. ಆ ಗ್ಯಾಸ್ ನೆಲದಲ್ಲೇ ಹರಡಿ ಕೂರುತ್ತದೆ, ಒಂದು ಕಿಡಿ ಸಾಕು. ಇನ್ನು ಹೇಳುವುದೇನೂ ಇಲ್ಲ.

ಪಾಂಡವಪುರ ಎಕ್ಸ್‌ಪ್ರೆಸ್: ಎಷ್ಟೋ ಜನ ಮಾಡುತ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ.

ಮದ್ದೂರು ಟೀಚರ್: ಆದ ಮೇಲೆ ಹೇಳಲು ಅವರು ಗ್ರೂಪಿಗೆ ಬರುತ್ತಾರಾ ಸಾರ್?

ಆಲೆಮನೆ ಹುಡುಗ: ಹುಣಸೂರು ರೋಡ್ ಅವರೇ, ಕಬ್ಬಿನ ಬಗ್ಗೆ ನಮ್ಮ ಮಾತು ಇನ್ನೂ ಮುಗಿದಿಲ್ಲ.

ಅಡ್ಮಿನ್: ಇನ್ನೊಂದು ಸಲ ಕಬ್ಬು ಎತ್ತಿದರೆ ಇಬ್ಬರನ್ನೂ ತೆಗೆಯುತ್ತೇನೆ.

ಟಿ. ನರಸೀಪುರ: ಅಣ್ಣ, ಹೈಬ್ರಿಡ್ ಕಾರಿನ ಬ್ಯಾಟರಿ ಎಷ್ಟು ವರ್ಷ ಬರುತ್ತದೆ?

ಟಿ. ನರಸೀಪುರ: ಅಣ್ಣ?

ಗ್ಯಾರೇಜ್ ಅಣ್ಣ: ನಾಗಮಂಗಲದವರೇ, ಪಟ್ಟಿಯದು ಕಳಿಸಿದಿರಿ, ವಾಲ್ವ್ ಸುತ್ತಿನದು ಬಂದಿಲ್ಲ. ಕಳಿಸಿ. ಕಾರು ಈಗ ಎಲ್ಲಿ ನಿಲ್ಲಿಸಿದ್ದೀರಿ?